ಯುರೋಪ್ ಪ್ರವಾಸಕ್ಕೆ ಶೆಂಗೆನ್ ವೀಸಾ: ಅರ್ಜಿಯ ಸಿದ್ಧತೆಯಿಂದ ಗಡಿ ದಾಟುವವರೆಗೆ

ಯುರೋಪಿನ 29 ದೇಶಗಳನ್ನು ಒಂದೇ ಪರವಾನಗಿಯಲ್ಲಿ ಸುತ್ತಿಬರಲು ಅವಕಾಶ ಕೊಡುವ ಶೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರಲ್ಲಿ ಇಂದು ಎಲ್ಲ ಬಗೆಯ ಜನರಿದ್ದಾರೆ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಮಗಳ ಮನೆಗೆ ಹೋಗಬೇಕಾದ ನಿವೃತ್ತ ಶಿಕ್ಷಕ ದಂಪತಿ, ಮದುವೆಯಾದ ಹೊಸತರಲ್ಲಿ ಸ್ವಿಟ್ಜರ್‌ಲ್ಯಾಂಡ್ ನೋಡಬೇಕೆಂದಿರುವ ಜೋಡಿ, ಅಡಿಕೆ ಮಾರಿದ ಹಣದಲ್ಲಿ ಮಕ್ಕಳಿಗೆ ಪ್ಯಾರಿಸ್ ತೋರಿಸಬೇಕೆಂದಿರುವ ಕೃಷಿಕ, ಇವರೆಲ್ಲರೂ ಒಂದೇ ಅರ್ಜಿ ನಮೂನೆಯನ್ನು ತುಂಬುತ್ತಾರೆ. ಹೀಗಿದ್ದರೂ ಬಹಳಷ್ಟು ಜನ ಕಾಗದಪತ್ರಗಳ ಪಟ್ಟಿಯನ್ನು ಕಂಡೊಡನೆ ಅಳುಕಿ, ಇಡೀ ಕೆಲಸವನ್ನು ಏಜೆಂಟರ ಕೈಗೆ ಒಪ್ಪಿಸಿ, ತಮ್ಮ ಹೆಸರಿನಲ್ಲಿ ಏನೇನು ಬರೆದು ಕೊಡಲಾಗಿದೆ ಎಂಬುದನ್ನೂ ಓದದೆ ಸಹಿ ಹಾಕುತ್ತಾರೆ. ಇದು ಅನಗತ್ಯ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಎರಡು ವಾರ ಸಾವಧಾನವಾಗಿ ಕುಳಿತರೆ ಈ ಅರ್ಜಿಯನ್ನು ಯಾರು ಬೇಕಾದರೂ ಸ್ವತಃ ಸಿದ್ಧಪಡಿಸಬಹುದು.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿ ಹೆಚ್ಚಿನ ಸಂದರ್ಭಗಳಲ್ಲಿ ನಿಮ್ಮ ಮುಖವನ್ನೇ ನೋಡುವುದಿಲ್ಲ. ಅವರ ಮುಂದಿರುವುದು ನಿಮ್ಮ ಕಡತ ಮಾತ್ರ. ನೀವು ಯಾರು, ಏಕೆ ಹೋಗುತ್ತಿದ್ದೀರಿ, ಖರ್ಚನ್ನು ಯಾರು ಭರಿಸುತ್ತಾರೆ, ಊರಿಗೆ ಮರಳಿ ಬರುತ್ತೀರಿ ಎಂದು ನಂಬಲು ಏನು ಆಧಾರ ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಕಡತವೇ ಉತ್ತರ ಹೇಳಬೇಕು, ಮತ್ತು ಅದರೊಳಗಿನ ಒಂದು ಕಾಗದ ಇನ್ನೊಂದಕ್ಕೆ ವಿರುದ್ಧವಾಗಿ ಮಾತನಾಡಬಾರದು. ಕಾಗದಗಳ ಸಂಖ್ಯೆಗಿಂತ ಅವುಗಳ ಪರಸ್ಪರ ಹೊಂದಾಣಿಕೆಯೇ ಹೆಚ್ಚು ಮುಖ್ಯ. ಮುಂದಿನ ಎಲ್ಲ ಹಂತಗಳೂ ಈ ಹೊಂದಾಣಿಕೆಯನ್ನು ಸಾಧಿಸುವ ಕ್ರಮಗಳೇ ಆಗಿವೆ.

ಹಂತ 1: ಯಾವ ದೇಶಕ್ಕೆ ಅರ್ಜಿ ಹಾಕಬೇಕು?

1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಈ ವ್ಯವಸ್ಥೆ ಬೆಳೆದುಬಂತು. ಶೆಂಗೆನ್ ವಲಯ ಮತ್ತು ಯುರೋಪಿಯನ್ ಒಕ್ಕೂಟ ಒಂದೇ ಅಲ್ಲ. ಸ್ವಿಟ್ಜರ್‌ಲ್ಯಾಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಶೆಂಗೆನ್ ವಲಯದೊಳಗಿವೆ; ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ಈ ವಲಯದ ಹೊರಗಿವೆ. ಬ್ರಿಟನ್‌ಗೆ ಪ್ರತ್ಯೇಕ ವೀಸಾ ಬೇಕು. ಕ್ರೊಯೇಷಿಯಾ 2023ರಲ್ಲಿ ಸೇರಿತು. ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿ 1ರಿಂದ ಪೂರ್ಣಪ್ರಮಾಣದಲ್ಲಿ ಒಳಬಂದಿವೆ.

ವೀಸಾ ಒಂದೇ ಆದರೂ ಅರ್ಜಿಯನ್ನು ಯಾವುದೋ ಒಂದು ನಿರ್ದಿಷ್ಟ ದೇಶಕ್ಕೇ ಸಲ್ಲಿಸಬೇಕು, ಮತ್ತು ಆ ದೇಶ ಯಾವುದೆಂಬುದನ್ನು ನಿಯಮವೇ ಹೇಳುತ್ತದೆ. ಒಂದೇ ದೇಶಕ್ಕೆ ಹೋಗುವುದಾದರೆ ಅದೇ ದೇಶ. ಹಲವು ದೇಶಗಳಿಗೆ ಹೋಗುವುದಾದರೆ ಪ್ರವಾಸದ ಮುಖ್ಯ ಗುರಿಯಾದ, ಅಂದರೆ ಸಾಮಾನ್ಯವಾಗಿ ಹೆಚ್ಚು ದಿನ ತಂಗುವ ದೇಶ. ದಿನಗಳು ಸಮವಾಗಿ ಹಂಚಿಹೋಗಿದ್ದರೆ ಮೊದಲು ಕಾಲಿಡುವ ದೇಶ. ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಐದು, ಇಟಲಿಯಲ್ಲಿ ನಾಲ್ಕು ರಾತ್ರಿ ಕಳೆಯುವ ಕುಟುಂಬ, ವಿಮಾನ ಪ್ಯಾರಿಸ್‌ನಲ್ಲಿ ಇಳಿದರೂ, ಸ್ವಿಟ್ಜರ್‌ಲ್ಯಾಂಡ್‌ಗೇ ಅರ್ಜಿ ಹಾಕಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಹೋಗುವವರ ವಲಸೆ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ನಡೆಯುತ್ತದೆ. ಆದರೂ ಅವರಿಗೆ ವೀಸಾ ಕೊಡಬೇಕಾದದ್ದು ಇಟಲಿ.

ಬೇಸಿಗೆ ರಜೆಯ ಕಾಲದಲ್ಲಿ ಕೆಲವು ದೇಶಗಳ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ, ಎಲ್ಲಿ ಬೇಗ ಸಿಗುತ್ತದೆಯೋ ಆ ದೇಶದ ಹೆಸರಿನಲ್ಲಿ ಅರ್ಜಿ ಹಾಕಿ, ವೀಸಾ ಬಂದ ಮೇಲೆ ಬೇರೆ ದೇಶದಲ್ಲೇ ಇಡೀ ರಜೆ ಕಳೆಯುವ ಸಲಹೆಯನ್ನು ಹಲವರು ಕೊಡುತ್ತಾರೆ. ಅದನ್ನು ದಯವಿಟ್ಟು ಪಾಲಿಸಬೇಡಿ. ಗಡಿಯಲ್ಲಿ ಅಧಿಕಾರಿ ಹೋಟೆಲ್ ಬುಕಿಂಗ್ ಕೇಳಿದಾಗ ವೀಸಾ ಕೊಟ್ಟ ದೇಶದಲ್ಲಿ ಒಂದು ರಾತ್ರಿಯೂ ಇಲ್ಲವೆಂದು ಗೊತ್ತಾದರೆ ಪ್ರವೇಶ ನಿರಾಕರಿಸಬಹುದು, ವೀಸಾವನ್ನೂ ರದ್ದುಪಡಿಸಬಹುದು. ನಿಜವಾಗಿ ಆ ದೇಶವನ್ನು ನೋಡಬೇಕೆಂದು ಪ್ರವಾಸದ ಯೋಜನೆಯನ್ನೇ ಬದಲಿಸಿಕೊಳ್ಳುವುದು ಬೇರೆ ವಿಷಯ. ಅದರಲ್ಲಿ ತಪ್ಪೇನೂ ಇಲ್ಲ.

ಅರ್ಜಿ ಹಾಕುವ ಸ್ಥಳವೂ ನಿಯಮಕ್ಕೆ ಒಳಪಟ್ಟಿದೆ. ನೀವು ಕಾನೂನುಬದ್ಧವಾಗಿ ವಾಸಿಸುವ ದೇಶದಲ್ಲೇ ಅರ್ಜಿ ಸಲ್ಲಿಸಬೇಕು. ದುಬೈ ಅಥವಾ ಬಹರೇನ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗರು ಅಲ್ಲಿಯೇ ಹಾಕಬೇಕು, ಮತ್ತು ಪ್ರವಾಸ ಮುಗಿಸಿ ಮರಳಿದ ಮೇಲೂ ಅವರ ಅಲ್ಲಿನ ವಾಸದ ಪರವಾನಗಿ ಚಾಲ್ತಿಯಲ್ಲಿರಬೇಕು.

ಹಂತ 2: ದಿನಗಳ ಲೆಕ್ಕ

ಪ್ರಯಾಣದ ದಿನಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಸ್ವೀಕರಿಸುವುದಿಲ್ಲ. 15 ದಿನಕ್ಕಿಂತ ತಡವಾಗಿಯೂ ಸಲ್ಲಿಸುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯ ಗಡುವು 15 ದಿನಗಳು, ಹೆಚ್ಚಿನ ಪರಿಶೀಲನೆ ಬೇಕಾದರೆ ಅದನ್ನು 45 ದಿನಗಳವರೆಗೆ ವಿಸ್ತರಿಸಬಹುದು. ಈ ಲೆಕ್ಕ ಅರ್ಜಿ ಸಲ್ಲಿಸಿದ ನಂತರದ್ದು. ಅಪಾಯಿಂಟ್‌ಮೆಂಟ್‌ಗಾಗಿ ಕಾಯುವ ದಿನಗಳು ಇದರಲ್ಲಿ ಸೇರಿಲ್ಲ. ನಮ್ಮಲ್ಲಿ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಜೆ ಇರುವುದರಿಂದ ಎಲ್ಲ ಕುಟುಂಬಗಳೂ ಒಂದೇ ಸಮಯಕ್ಕೆ ಮುಗಿಬೀಳುತ್ತವೆ. ಮೇ ತಿಂಗಳ ಪ್ರವಾಸಕ್ಕೆ ಜನವರಿ ಅಥವಾ ಫೆಬ್ರವರಿಯಲ್ಲೇ ಅರ್ಜಿ ಸಲ್ಲಿಸುವುದು ಕ್ಷೇಮಕರ, ದಸರಾ ರಜೆಯ ಪ್ರವಾಸಕ್ಕೆ ಜೂನ್ ಅಥವಾ ಜುಲೈ ಸೂಕ್ತ ಕಾಲ. ಅರ್ಜಿಯ ಜೊತೆಗೆ ಪಾಸ್‌ಪೋರ್ಟನ್ನೂ ಒಪ್ಪಿಸಬೇಕಾಗುವುದರಿಂದ, ಆ ವಾರಗಳಲ್ಲಿ ಬೇರೆ ವಿದೇಶ ಪ್ರಯಾಣ ಇಟ್ಟುಕೊಳ್ಳಬಾರದು.

ಪ್ರವಾಸಿ ವೀಸಾದ ಮೇಲೆ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಇದನ್ನು ‘ಮೂರು ತಿಂಗಳು’ ಎಂದು ತಿಳಿದುಕೊಳ್ಳುತ್ತಾರೆ, ಆದರೆ ಮೂರು ತಿಂಗಳು ಮತ್ತು 90 ದಿನ ಒಂದೇ ಅಲ್ಲ. ಮೇ 1ರಂದು ಇಳಿದು ಜುಲೈ 31ರಂದು ಹೊರಟರೆ 92 ದಿನಗಳಾಗುತ್ತವೆ. ಇಳಿದ ದಿನ ಮತ್ತು ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಆ ಎರಡು ದಿನಗಳ ಹೆಚ್ಚುವರಿ ವಾಸ ದಂಡಕ್ಕೆ ಅಥವಾ ಮುಂದಿನ ವೀಸಾದ ನಿರಾಕರಣೆಗೆ ಕಾರಣವಾಗಬಹುದು. ಟಿಕೆಟ್ ಕಾಯ್ದಿರಿಸುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನಗಳನ್ನು ಒಂದೊಂದಾಗಿ ಎಣಿಸಿ.

ಹಂತ 3: ಪಾಸ್‌ಪೋರ್ಟ್ ಮತ್ತು ಹೆಸರು

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಶೆಂಗೆನ್ ವಲಯವನ್ನು ಬಿಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಮತ್ತು ಅದರಲ್ಲಿ ಕನಿಷ್ಠ ಎರಡು ಖಾಲಿ ಪುಟಗಳಿರಬೇಕು. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಮೊದಲು ನವೀಕರಿಸಿಕೊಳ್ಳುವುದೇ ಜಾಣತನ.

ನಮ್ಮವರಿಗೆ ನಿಜವಾದ ತೊಡಕು ಎದುರಾಗುವುದು ಹೆಸರಿನಲ್ಲಿ. ಊರಿನ ಹೆಸರು ಮತ್ತು ತಂದೆಯ ಹೆಸರನ್ನು ಇನಿಶಿಯಲ್‌ಗಳಾಗಿ ಬರೆಯುವುದು ನಮ್ಮ ರೂಢಿ. ಹೀಗಾಗಿ ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ಪೂರ್ಣ ರೂಪ, ಬ್ಯಾಂಕ್ ಖಾತೆಯಲ್ಲಿ ಹೆಸರು ಮಾತ್ರ, ಮದುವೆಯ ಪ್ರಮಾಣಪತ್ರದಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ರೂಪ, ಹೀಗೆ ಒಬ್ಬರೇ ನಾಲ್ವರಂತೆ ಕಾಣಿಸಿಕೊಳ್ಳುತ್ತಾರೆ. ಅನೇಕರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿಯೇ ಇರುತ್ತದೆ. ವೀಸಾ ಅರ್ಜಿ, ವಿಮಾನದ ಟಿಕೆಟ್, ವಿಮೆ, ಹೋಟೆಲ್ ಈ ನಾಲ್ಕರಲ್ಲೂ ಪಾಸ್‌ಪೋರ್ಟ್‌ನಲ್ಲಿ ಅಚ್ಚಾಗಿರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ ಬಳಸಬೇಕು. ಆನ್‌ಲೈನ್ ನಮೂನೆ ಕುಲನಾಮವಿಲ್ಲದೆ ಮುಂದಕ್ಕೆ ಹೋಗದಿದ್ದರೆ, ಆ ಜಾಗದಲ್ಲಿ ಏನು ಬರೆಯಬೇಕೆಂದು ಆಯಾ ದೇಶದ ಜಾಲತಾಣವೇ ಸೂಚನೆ ಕೊಟ್ಟಿರುತ್ತದೆ. ಅದನ್ನು ಓದದೆ ಊಹೆಯಿಂದ ತುಂಬಬಾರದು. ಬ್ಯಾಂಕ್ ಮುಂತಾದ ಕಡೆ ಹೆಸರು ಬೇರೆ ರೂಪದಲ್ಲಿದ್ದರೆ ನಿಮ್ಮ ಮನವಿ ಪತ್ರದಲ್ಲಿ ಎರಡು ಸಾಲಿನ ವಿವರಣೆ ಕೊಡಿ, ವ್ಯತ್ಯಾಸ ದೊಡ್ಡದಾಗಿದ್ದರೆ ನೋಟರಿ ಪ್ರಮಾಣಪತ್ರವನ್ನೂ ಸೇರಿಸಿ.

ಹಂತ 4: ಪ್ರವಾಸದ ಯೋಜನೆ, ಟಿಕೆಟ್, ತಂಗುವ ಸ್ಥಳ

ಯಾವ ದಿನ ಯಾವ ಊರು, ಯಾವ ಹೋಟೆಲ್, ಒಂದು ಊರಿನಿಂದ ಇನ್ನೊಂದಕ್ಕೆ ರೈಲೋ ವಿಮಾನವೋ ಎಂಬುದನ್ನು ದಿನವಾರು ಕೋಷ್ಟಕವಾಗಿ ಒಂದೇ ಪುಟದಲ್ಲಿ ಸಿದ್ಧಪಡಿಸಿ. ಹತ್ತು ದಿನಗಳಲ್ಲಿ ಏಳು ದೇಶ ಎಂಬಂಥ ಯೋಜನೆಗಿಂತ ಎರಡು ಮೂರು ದೇಶಗಳ ಸಾವಕಾಶದ ಯೋಜನೆ ಓದುವವರಿಗೂ ನಂಬಿಕೆ ಹುಟ್ಟಿಸುತ್ತದೆ, ಹೋಗುವವರಿಗೂ ಹಿತ. ಪ್ರತಿ ರಾತ್ರಿಗೂ ತಂಗುವ ಸ್ಥಳದ ಆಧಾರ ಇರಬೇಕು; ಮಧ್ಯದ ಒಂದು ರಾತ್ರಿ ತಪ್ಪಿಹೋಗಿದ್ದರೂ ಅದು ಎದ್ದು ಕಾಣುತ್ತದೆ.

ವೀಸಾ ಕೈಗೆ ಬರುವ ಮೊದಲು ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಅರ್ಜಿಯ ಹಂತದಲ್ಲಿ ಸಾಮಾನ್ಯವಾಗಿ ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆ ಸಾಕಾಗುತ್ತದೆ. ಉಚಿತ ರದ್ದತಿಯ ಸೌಲಭ್ಯವಿರುವ ಹೋಟೆಲ್‌ಗಳನ್ನು ಆರಿಸಿಕೊಳ್ಳಬಹುದು, ಆದರೆ ಅರ್ಜಿ ಸಲ್ಲಿಸಿದ ಮರುದಿನವೇ ಅವನ್ನು ರದ್ದುಪಡಿಸಬಾರದು. ಕಾನ್ಸುಲೇಟ್‌ಗಳು ಹೋಟೆಲ್‌ಗೆ ಬರೆದು ಖಚಿತಪಡಿಸಿಕೊಳ್ಳುವುದುಂಟು. ಕೆಲವು ಏಜೆಂಟರು ಕೆಲವೇ ನೂರು ರೂಪಾಯಿಗೆ ಒದಗಿಸುವ ನಕಲಿ ಟಿಕೆಟ್ ಮತ್ತು ನಕಲಿ ಹೋಟೆಲ್ ಪತ್ರಗಳ ಹತ್ತಿರಕ್ಕೂ ಹೋಗಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಬರುವ ನಿರಾಕರಣೆ, ಎಲ್ಲ ಶೆಂಗೆನ್ ದೇಶಗಳೂ ನೋಡಬಹುದಾದ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುತ್ತದೆ. ಹಾಗೆ ಸಿಕ್ಕಿಬೀಳುವುದು ಸಹಿ ಹಾಕಿದ ಅರ್ಜಿದಾರರೇ, ಪತ್ರ ತಯಾರಿಸಿದವರಲ್ಲ.

ಬಂಧುಗಳ ಮನೆಯಲ್ಲಿ ತಂಗುವವರಿಗೆ ಹೋಟೆಲ್ ಬದಲು ಆಹ್ವಾನದ ದಾಖಲೆ ಬೇಕು. ಅದರ ಸ್ವರೂಪ ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸ್‌ನಲ್ಲಿ ಆತಿಥೇಯರು ತಮ್ಮ ಊರಿನ ಪುರಸಭೆಯಿಂದ ಅಧಿಕೃತ ಆತಿಥ್ಯ ಪ್ರಮಾಣಪತ್ರ ಪಡೆದು, ಅದರ ಮೂಲಪ್ರತಿಯನ್ನು ಕಳುಹಿಸಬೇಕು. ಜರ್ಮನಿಯಲ್ಲಿರುವ ಮಗ ಅಥವಾ ಮಗಳು ಪೋಷಕರ ಖರ್ಚನ್ನು ಹೊರುವುದಾದರೆ, ಅಲ್ಲಿನ ವಿದೇಶೀಯರ ಕಚೇರಿಗೆ ಹೋಗಿ ತಮ್ಮ ಸಂಬಳದ ಆಧಾರ ತೋರಿಸಿ ಹೊಣೆಗಾರಿಕೆ ಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ಆ ಕಚೇರಿಯಲ್ಲಿ ಸಮಯ ಸಿಗಲು ಕೆಲವೊಮ್ಮೆ ವಾರಗಳೇ ಬೇಕಾಗುವುದರಿಂದ, ಇಲ್ಲಿನ ತಯಾರಿಗೆ ಮೊದಲು ಅಲ್ಲಿಂದಲೇ ಕೆಲಸ ಆರಂಭವಾಗಬೇಕು. ಆತಿಥೇಯರ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಪ್ರತಿ, ಅವರಿಗೂ ನಿಮಗೂ ಇರುವ ಸಂಬಂಧವನ್ನು ತೋರಿಸುವ ಜನನ ಪ್ರಮಾಣಪತ್ರ, ಇವೂ ಜೊತೆಗಿರಲಿ.

ಹಂತ 5: ಹಣದ ಆಧಾರ

ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ‘ಖಾತೆಯಲ್ಲಿ ಎಷ್ಟು ಲಕ್ಷ ಇರಬೇಕು?’ ಎಂಬ ಪ್ರಶ್ನೆಗೆ ಎಲ್ಲ ದೇಶಗಳಿಗೂ ಹೊಂದುವ ಒಂದೇ ಉತ್ತರ ಇಲ್ಲ. ಪ್ರತಿ ದೇಶವೂ ದಿನವೊಂದಕ್ಕೆ ಇಂತಿಷ್ಟು ಎಂಬ ಮಾನದಂಡವನ್ನು ಪ್ರಕಟಿಸುತ್ತದೆ. ಉದಾಹರಣೆಗೆ ಫ್ರಾನ್ಸ್, ಹೋಟೆಲ್ ಕಾಯ್ದಿರಿಸಿದವರಿಗೆ ದಿನಕ್ಕೆ 65 ಯೂರೊ, ಕಾಯ್ದಿರಿಸದವರಿಗೆ 120 ಯೂರೊ, ಬಂಧುಗಳ ಮನೆಯಲ್ಲಿ ಉಳಿಯುವವರಿಗೆ 32.50 ಯೂರೊ ಎಂದು ನಿಗದಿಪಡಿಸಿದೆ. ಸ್ವಿಟ್ಜರ್‌ಲ್ಯಾಂಡ್ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವ ಪ್ರವಾಸಿಗರಿಂದ ದಿನಕ್ಕೆ ಸುಮಾರು 100 ಫ್ರಾಂಕ್ ನಿರೀಕ್ಷಿಸುತ್ತದೆ. ಇದು ಕನಿಷ್ಠ ಮಟ್ಟ ಮಾತ್ರ. ಪ್ರವಾಸದ ಖರ್ಚೆಲ್ಲ ಕಳೆದ ಮೇಲೂ ಮನೆಯ ಸಂಸಾರ ಸುಸೂತ್ರವಾಗಿ ನಡೆಯುವಷ್ಟು ಉಳಿಯುತ್ತದೆಯೇ ಎಂದು ಅಧಿಕಾರಿ ನೋಡುತ್ತಾರೆ. ತಿಂಗಳಿಗೆ ನಲವತ್ತು ಸಾವಿರ ಸಂಬಳವಿರುವವರು ಎಂಟು ಲಕ್ಷದ ಪ್ರವಾಸಕ್ಕೆ ಹೊರಟಿದ್ದರೆ ಆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹಳೆಯ ಠೇವಣಿಯೋ ನಿವೃತ್ತಿಯ ಹಣವೋ ಆಗಿದ್ದರೆ ಅದರ ರಸೀದಿಯನ್ನು ಲಗತ್ತಿಸಿ.

ಕಳೆದ ಮೂರರಿಂದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಶಾಖೆಯ ಸೀಲು ಮತ್ತು ಸಹಿ ಹಾಕಿಸಿಕೊಳ್ಳಿ. ಅರ್ಜಿಗೆ ಹತ್ತು ದಿನ ಮೊದಲು ನೆಂಟರಿಂದ ಕೈಸಾಲ ತಂದು ಖಾತೆಗೆ ತುಂಬುವುದು ಬಹಳ ಹಳೆಯ ಉಪಾಯ, ಮತ್ತು ಅಧಿಕಾರಿಗಳಿಗೆ ಬಹಳ ಚೆನ್ನಾಗಿ ಗೊತ್ತಿರುವ ಉಪಾಯ. ಸಣ್ಣ ಮೊತ್ತವಾದರೂ ತಿಂಗಳು ತಿಂಗಳು ಬಂದು ಹೋಗುವ ಹಣದ ಜಾಡಿಗೆ ಹೆಚ್ಚು ಬೆಲೆ ಇದೆ. ನಿಜವಾಗಿಯೇ ದೊಡ್ಡ ಮೊತ್ತ ಬಂದಿದ್ದರೆ, ಅಂದರೆ ಸೈಟು ಮಾರಿದ್ದರೆ ಅಥವಾ ಠೇವಣಿ ಮುಗಿದಿದ್ದರೆ, ಅದರ ಕಾಗದವನ್ನು ಸ್ಟೇಟ್‌ಮೆಂಟ್‌ನ ಹಿಂದೆಯೇ ಇಡಿ.

ನೌಕರರು ಕೊನೆಯ ಮೂರು ತಿಂಗಳ ವೇತನ ಚೀಟಿ, ಫಾರಂ 16 ಅಥವಾ ಆದಾಯ ತೆರಿಗೆ ರಿಟರ್ನ್ ಮತ್ತು ರಜೆ ಮಂಜೂರಾದ ಪತ್ರ ಕೊಡಬೇಕು. ಆ ಪತ್ರದಲ್ಲಿ ಹುದ್ದೆ, ಸೇರಿದ ದಿನಾಂಕ, ರಜೆಯ ದಿನಾಂಕಗಳು ಮತ್ತು ಮರಳಿ ಕೆಲಸಕ್ಕೆ ಹಾಜರಾಗುವ ದಿನ ಸ್ಪಷ್ಟವಾಗಿರಬೇಕು, ಮತ್ತು ಆ ದಿನಾಂಕಗಳು ಟಿಕೆಟ್‌ಗೆ ತಾಳೆಯಾಗಬೇಕು. ಸರ್ಕಾರಿ ನೌಕರರಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದು ಮೇಲಿನ ಕಚೇರಿಗೆ ಹೋಗಿಬರಲು ತಡವಾಗುವುದರಿಂದ ಎಲ್ಲಕ್ಕಿಂತ ಮೊದಲು ಅದಕ್ಕೇ ಅರ್ಜಿ ಕೊಡಿ. ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಅಥವಾ ಅಂಗಡಿಯ ಪರವಾನಗಿ, ಸಂಸ್ಥೆಯ ಖಾತೆಯ ವಿವರ ಮತ್ತು ಸ್ವಂತ ಖಾತೆಯ ವಿವರ, ಎರಡನ್ನೂ ಕೊಡಬೇಕು. ನಿವೃತ್ತರಿಗೆ ಪಿಂಚಣಿ ಆದೇಶದ ಪ್ರತಿ ಮತ್ತು ಪಿಂಚಣಿ ಜಮೆಯಾಗುವ ಖಾತೆಯ ವಿವರ ಸಾಕು. ವಿದ್ಯಾರ್ಥಿಗಳು ಕಾಲೇಜಿನ ವ್ಯಾಸಂಗ ಪ್ರಮಾಣಪತ್ರದೊಂದಿಗೆ ಖರ್ಚು ಭರಿಸುವ ಪೋಷಕರ ದಾಖಲೆಗಳನ್ನು ಸೇರಿಸುತ್ತಾರೆ.

ಕೃಷಿಕರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾನ್ಸುಲೇಟ್‌ಗಳ ಪಟ್ಟಿಗಳು ಬಹುಮಟ್ಟಿಗೆ ಸಂಬಳದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಎಷ್ಟೋ ಅನುಕೂಲಸ್ಥ ರೈತರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಆದರೆ ಆದಾಯ ಇದೆ ಎಂದು ತೋರಿಸಲು ಬೇರೆ ದಾರಿಗಳಿವೆ. ಭೂಮಿ ಜಾಲತಾಣದಿಂದ ತೆಗೆದ ಪಹಣಿ, ಎಪಿಎಂಸಿಯ ಮಾರಾಟ ರಸೀದಿಗಳು, ಅಡಿಕೆ ಬೆಳೆಗಾರರಾದರೆ ಕ್ಯಾಂಪ್ಕೊ ಅಥವಾ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಸ್ಥೆಗಳ ಬಿಲ್ಲುಗಳು, ಹಾಲಿನ ಸಂಘದ ಪಾವತಿ ವಿವರ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಇವೆಲ್ಲ ಅಂಗೀಕಾರಾರ್ಹ ಆಧಾರಗಳು. ಬಿಲ್ಲಿನ ಮೊತ್ತ ಬ್ಯಾಂಕ್ ಖಾತೆಗೆ ಜಮೆಯಾಗಿರುವುದನ್ನು ತೋರಿಸಿದರೆ ಅವಕ್ಕೆ ಇನ್ನಷ್ಟು ಬಲ ಬರುತ್ತದೆ. ಪಹಣಿ ಕನ್ನಡದಲ್ಲಿರುವುದರಿಂದ ಅದಕ್ಕೆ ಇಂಗ್ಲಿಷ್ ಅನುವಾದ ಬೇಕು. ಕೆಲವು ದೇಶಗಳು ಅನುವಾದಕರ ಸಹಿ ಮತ್ತು ನೋಟರಿ ದೃಢೀಕರಣವನ್ನು ಕೇಳುತ್ತವೆ. ಕುಟುಂಬದ ಜಮೀನು ಇನ್ನೂ ಅಜ್ಜನ ಅಥವಾ ತಂದೆಯ ಹೆಸರಿನಲ್ಲಿದ್ದರೆ ವಂಶವೃಕ್ಷದ ಪ್ರತಿಯನ್ನೂ ಅನುವಾದಿಸಿ ಲಗತ್ತಿಸಿ. ಜಮೀನಿನ ದಾಖಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ನೀವು ಊರಿಗೆ ಮರಳಲು ಗಟ್ಟಿಯಾದ ಕಾರಣವಿದೆ ಎಂದು ಹೇಳುತ್ತದೆ. ಬೆಲೆಬಾಳುವ ಆಸ್ತಿ ಇದ್ದರೂ ಖಾತೆಯಲ್ಲಿ ಹಣವಿಲ್ಲದಿದ್ದರೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಹಂತ 6: ವಿಮೆ

ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೊ ಮೊತ್ತ, ಇಡೀ ಶೆಂಗೆನ್ ವಲಯಕ್ಕೆ ಅನ್ವಯ, ತಂಗುವ ಪೂರ್ತಿ ಅವಧಿಗೆ ರಕ್ಷಣೆ, ತುರ್ತು ಚಿಕಿತ್ಸೆಯ ಜೊತೆಗೆ ರೋಗಿಯನ್ನು ಅಥವಾ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತರುವ ವೆಚ್ಚ, ಇಷ್ಟೂ ಪಾಲಿಸಿಯಲ್ಲಿ ನಮೂದಾಗಿರಬೇಕು. ಭಾರತದ ಕಂಪನಿಗಳ ಪಾಲಿಸಿಗಳು ಡಾಲರ್ ಲೆಕ್ಕದಲ್ಲಿದ್ದರೆ 50,000 ಡಾಲರ್‌ನದನ್ನು ಆರಿಸಿಕೊಳ್ಳಿ. 30,000 ಡಾಲರ್ ಎಂಬುದು 30,000 ಯೂರೊಗೆ ಸಮನಲ್ಲ. ರಕ್ತದೊತ್ತಡ, ಮಧುಮೇಹ ಇರುವ ಹಿರಿಯರಿಗಾಗಿ ಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಗಳ ಕುರಿತ ಷರತ್ತನ್ನು ಓದಬೇಕು. ವೀಸಾಕ್ಕೆ ಅಗ್ಗದ ಪಾಲಿಸಿ ಸಾಕಾಗಬಹುದು, ಆದರೆ ಅಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದ ತಾಯಿಗೆ ಅದು ಸಾಕಾಗದೆ ಹೋಗಬಹುದು. ಈ ಒಂದು ಕಡೆ ಉಳಿತಾಯದ ಯೋಚನೆಯನ್ನು ಬದಿಗಿಡಿ.

ಹಂತ 7: ಅರ್ಜಿ ನಮೂನೆ ಮತ್ತು ಮನವಿ ಪತ್ರ

ಕೇಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲೂ ಒಂದೇ. ತುಂಬುವ ವಿಧಾನ ಮಾತ್ರ ಬೇರೆ. ಫ್ರಾನ್ಸ್‌ಗೆ ಫ್ರಾನ್ಸ್-ವೀಸಾಸ್ ಎಂಬ ಅದರದೇ ಜಾಲತಾಣವಿದೆ, ಬೇರೆ ಕೆಲವು ದೇಶಗಳದ್ದನ್ನು ಮುದ್ರಿಸಿಕೊಂಡು ತುಂಬಬೇಕಾಗುತ್ತದೆ. ಹಿಂದೆ ಬೆರಳಚ್ಚು ಕೊಟ್ಟಿದ್ದೀರಾ, ಖರ್ಚು ಯಾರದ್ದು, ಮೊದಲು ಯಾವ ದೇಶವನ್ನು ಪ್ರವೇಶಿಸುತ್ತೀರಿ, ಎಷ್ಟು ಬಾರಿ ಪ್ರವೇಶ ಬೇಕು ಎಂಬ ಕಾಲಂಗಳಲ್ಲಿ ಅವಸರ ಬೇಡ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಿ ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಬರುವುದಾದರೆ, ಲಂಡನ್ ವಲಯದ ಹೊರಗಿರುವುದರಿಂದ, ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾ ಕೇಳಬೇಕು. ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದ್ದರೆ, ಕೇಳಿದ ಕಡೆ ಅದನ್ನು ಮುಚ್ಚಿಡಬೇಡಿ. ಅಪ್ರಾಪ್ತ ವಯಸ್ಸಿನ ಮಕ್ಕಳ ಅರ್ಜಿಗೆ ತಂದೆತಾಯಿ ಇಬ್ಬರ ಸಹಿ ಬೇಕು. ಒಬ್ಬರು ಮಾತ್ರ ಜೊತೆಗೆ ಹೋಗುವುದಾದರೆ ಇನ್ನೊಬ್ಬರ ನೋಟರೀಕೃತ ಒಪ್ಪಿಗೆ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರ ಅಗತ್ಯ.

ಮನವಿ ಪತ್ರ ಇಂಗ್ಲಿಷಿನಲ್ಲಿರಬೇಕು, ಒಂದು ಪುಟ ಮೀರಬಾರದು. ಮೊದಲ ಭಾಗದಲ್ಲಿ ನೀವು ಯಾರು, ಯಾರೊಂದಿಗೆ, ಯಾವ ದಿನಾಂಕಗಳಲ್ಲಿ ಹೋಗುತ್ತೀರಿ. ಎರಡನೆಯದರಲ್ಲಿ ಯಾವ ಊರುಗಳು, ಏಕೆ. ಮೂರನೆಯದರಲ್ಲಿ ಖರ್ಚಿನ ಮೂಲ. ಕೊನೆಯಲ್ಲಿ ಊರಿನಲ್ಲಿರುವ ಉದ್ಯೋಗ, ಕುಟುಂಬ, ಜವಾಬ್ದಾರಿ. ಹೆಸರಿನ ವ್ಯತ್ಯಾಸ, ಖಾತೆಯ ದೊಡ್ಡ ಜಮೆ, ಹಳೆಯ ನಿರಾಕರಣೆ ಮುಂತಾದವು ಅಧಿಕಾರಿಯ ಕಣ್ಣಿಗೆ ಬೀಳುವ ಮೊದಲು ನೀವೇ ಇಲ್ಲಿ ಹೇಳಿಬಿಡಿ. ಅಂತರ್ಜಾಲದಲ್ಲಿ ಸಿಗುವ ಅಲಂಕಾರದ ಮಾದರಿಗಳನ್ನು ನಕಲು ಮಾಡುವುದಕ್ಕಿಂತ, ಸರಳವಾದ ಇಂಗ್ಲಿಷಿನಲ್ಲಿ ನಿಮ್ಮ ಮಾತನ್ನೇ ಬರೆದರೆ ಹೆಚ್ಚು ಪರಿಣಾಮಕಾರಿ.

ಹಂತ 8: ಅರ್ಜಿ ಕೇಂದ್ರದಲ್ಲಿ

ಬಹುತೇಕ ದೇಶಗಳು ಅರ್ಜಿ ಸ್ವೀಕರಿಸುವ ಕೆಲಸವನ್ನು ವಿಎಫ್ಎಸ್ ಗ್ಲೋಬಲ್, ಬಿಎಲ್ಎಸ್ ಮುಂತಾದ ಸಂಸ್ಥೆಗಳಿಗೆ ವಹಿಸಿವೆ, ಮತ್ತು ಬೆಂಗಳೂರಿನಲ್ಲಿ ಇವುಗಳ ಕೇಂದ್ರಗಳಿವೆ. ಕೇಂದ್ರದವರು ಕಾಗದ ಪಡೆದು, ಬೆರಳಚ್ಚು ತೆಗೆದು, ಕಡತವನ್ನು ಕಳುಹಿಸುತ್ತಾರಷ್ಟೇ. ವೀಸಾ ಕೊಡುವ ಅಥವಾ ಬಿಡುವ ಅಧಿಕಾರ ಅವರಿಗಿಲ್ಲ. ವೀಸಾ ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಇದರ ಮೇಲೆ ಕೇಂದ್ರದ ಸೇವಾ ಶುಲ್ಕ ಬೇರೆ. ವಿಶೇಷ ಕೊಠಡಿ, ಎಸ್ಎಂಎಸ್, ಜೆರಾಕ್ಸ್ ಇತ್ಯಾದಿ ಹೆಚ್ಚುವರಿ ಸೇವೆಗಳು ನಿಮ್ಮ ಇಚ್ಛೆಗೆ ಬಿಟ್ಟವು. ಅವನ್ನು ಕೊಂಡರೆ ವೀಸಾ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ. ವೀಸಾ ನಿರಾಕರಣೆಯಾದರೆ ಶುಲ್ಕ ವಾಪಸಾಗುವುದಿಲ್ಲ.

ಹನ್ನೆರಡು ವರ್ಷ ತುಂಬಿದ ಎಲ್ಲರೂ ಮೊದಲ ಬಾರಿಗೆ ಖುದ್ದಾಗಿ ಬಂದು ಹತ್ತು ಬೆರಳುಗಳ ಅಚ್ಚು ಕೊಡಬೇಕು. ಅದನ್ನು 59 ತಿಂಗಳವರೆಗೆ ಮುಂದಿನ ಅರ್ಜಿಗಳಿಗೂ ಬಳಸಲಾಗುತ್ತದೆ. ಆ ವಾರದಲ್ಲಿ ಕೈಗೆ ಮೆಹಂದಿ ಹಚ್ಚಿಕೊಳ್ಳದಿರುವುದು ಒಳ್ಳೆಯದು. ಭಾವಚಿತ್ರ 35 x 45 ಮಿಲಿಮೀಟರ್ ಅಳತೆಯದ್ದಾಗಿದ್ದು, ಬಿಳಿ ಅಥವಾ ತಿಳಿ ಹಿನ್ನೆಲೆಯಲ್ಲಿ ಆರು ತಿಂಗಳೊಳಗೆ ತೆಗೆದದ್ದಾಗಿರಲಿ. ಕೇಂದ್ರದ ಪಟ್ಟಿಯಲ್ಲಿರುವ ಕ್ರಮದಲ್ಲೇ ಕಾಗದಗಳನ್ನು ಜೋಡಿಸಿ, ಮೂಲ ಮತ್ತು ಪ್ರತಿ ಬೇರೆ ಬೇರೆ ಇಟ್ಟುಕೊಂಡು ಹೋದರೆ ಕೌಂಟರಿನ ಕೆಲಸ ಬೇಗ ಮುಗಿಯುತ್ತದೆ. ಸಲ್ಲಿಸಿದ ಇಡೀ ಕಡತದ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು. ಆಮೇಲೆ ಕಾನ್ಸುಲೇಟ್‌ನಿಂದ ನಿಮಗೋ ನಿಮ್ಮ ಕಚೇರಿಗೋ ಫೋನ್ ಬರಬಹುದು. ಮನೆಯ ಹಿರಿಯರ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ ಯೋಜನೆಯ ವಿವರಗಳನ್ನು ಅವರಿಗೂ ತಿಳಿಸಿರಿ; ಎಲ್ಲಿಗೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಗೆ ‘ಮಗನನ್ನು ಕೇಳಿ’ ಎಂಬ ಉತ್ತರ ಹೋಗಬಾರದು.

ಹಂತ 9: ತೀರ್ಮಾನ ಬಂದಾಗ

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ವೀಸಾ ಚೀಟಿಯಲ್ಲಿ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ ಮಾನ್ಯ, ಎಷ್ಟು ಬಾರಿ ಪ್ರವೇಶ, ಒಟ್ಟು ಎಷ್ಟು ದಿನ ತಂಗಬಹುದು ಎಂಬುದನ್ನು ನೋಡಿಕೊಳ್ಳಿ. ಮಾನ್ಯತೆಯ ಅವಧಿ ಮತ್ತು ತಂಗುವ ದಿನಗಳು ಬೇರೆ ಬೇರೆ: ಪ್ರಯಾಣದ ದಿನಾಂಕ ಹಿಂದೆಮುಂದೆ ಆಗಬಹುದೆಂದು ಸಾಮಾನ್ಯವಾಗಿ 15 ದಿನ ಹೆಚ್ಚುವರಿ ಅವಧಿ ಕೊಟ್ಟಿರುತ್ತಾರೆ, ಆದರೆ 12 ದಿನ ತಂಗಲು ಅನುಮತಿಯಿದ್ದರೆ 12 ದಿನವೇ ಮಿತಿ. ತಪ್ಪು ಕಂಡರೆ ಹೊರಡುವ ಮೊದಲೇ ತಿದ್ದಿಸಿಕೊಳ್ಳಬೇಕು.

ನಿರಾಕರಣೆಯಾದರೆ ಕಾರಣಕ್ಕೆ ಗುರುತು ಹಾಕಿದ ನಿಗದಿತ ನಮೂನೆಯ ಪತ್ರ ಸಿಗುತ್ತದೆ. ಪ್ರವಾಸದ ಉದ್ದೇಶ ಸ್ಪಷ್ಟವಾಗಿಲ್ಲ, ಸಾಕಷ್ಟು ಹಣದ ಆಧಾರವಿಲ್ಲ, ಒದಗಿಸಿದ ಮಾಹಿತಿ ವಿಶ್ವಾಸಾರ್ಹವಲ್ಲ, ಅವಧಿ ಮುಗಿಯುವ ಮೊದಲು ಮರಳುವ ಬಗ್ಗೆ ಅನುಮಾನವಿದೆ, ಇವು ಸಾಮಾನ್ಯವಾಗಿ ಕಾಣುವ ಕಾರಣಗಳು. ಮೇಲ್ಮನವಿಯ ಹಕ್ಕು ನಿಮಗಿದೆ. ಅದರ ವಿಧಾನ ಮತ್ತು ಗಡುವು ಆ ಪತ್ರದಲ್ಲೇ ಇರುತ್ತವೆ. ಜರ್ಮನಿ ಮಾತ್ರ ಕಾನ್ಸುಲೇಟ್‌ಗೆ ಮರುಪರಿಶೀಲನೆಯ ಪತ್ರ ಬರೆಯುವ ವ್ಯವಸ್ಥೆಯನ್ನು 2025ರ ಜುಲೈ 1ರಿಂದ ಕೈಬಿಟ್ಟಿದ್ದು, ಈಗ ಅಲ್ಲಿನ ನ್ಯಾಯಾಲಯಕ್ಕೆ ಹೋಗುವುದು ಅಥವಾ ಹೊಸ ಅರ್ಜಿ ಹಾಕುವುದು ಈ ಎರಡೇ ದಾರಿಗಳಿವೆ. ಪ್ರವಾಸಿಗರಿಗೆ ಹೊಸ ಅರ್ಜಿಯೇ ಬಹುತೇಕ ಸರಿಯಾದ ದಾರಿ, ಆದರೆ ಅದೇ ಕಡತವನ್ನು ಮರುವಾರವೇ ಇನ್ನೊಂದು ದೇಶಕ್ಕೆ ಕೊಟ್ಟರೆ ಅದೇ ಉತ್ತರ ಬರುತ್ತದೆ. ಹೇಳಿದ ಕಾರಣಕ್ಕೆ ಉತ್ತರ ಕೊಡುವ ಹೊಸ ಕಾಗದ ಕೈಯಲ್ಲಿರಬೇಕು. ಒಮ್ಮೆ ನಿರಾಕರಣೆಯಾದದ್ದರಿಂದ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದು ಎದೆಗುಂದಬೇಕಿಲ್ಲ.

ಹಂತ 10: ಗಡಿಯಲ್ಲಿ, ಮತ್ತು ಮುಂದಿನ ಬಾರಿಗೆ

ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಹೋಟೆಲ್ ಬುಕಿಂಗ್, ಮರಳುವ ಟಿಕೆಟ್, ವಿಮೆ ಮತ್ತು ಆಹ್ವಾನ ಪತ್ರದ ಪ್ರತಿಗಳು ಕೈಚೀಲದಲ್ಲೇ ಇರಲಿ; ಲಗೇಜಿನಲ್ಲಿ ಹಾಕಿದರೆ ವಲಸೆ ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್‌ಗೆ ಮೊಹರು ಒತ್ತುವ ಬದಲು ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸಲಾಗುತ್ತದೆ. 90 ದಿನಗಳ ಲೆಕ್ಕವನ್ನು ಈಗ ಯಂತ್ರವೇ ಇಡುವುದರಿಂದ ಒಂದು ದಿನದ ಹೆಚ್ಚಳವೂ ಕಣ್ತಪ್ಪುವುದಿಲ್ಲ.

ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ಯುರೋಪಿಯನ್ ಆಯೋಗ 2024ರ ಏಪ್ರಿಲ್ 18ರಂದು ಒಂದು ಅನುಕೂಲಕರ ನಿಯಮ ತಂದಿದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಅವನ್ನು ನಿಯಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷ ಮಾನ್ಯವಾದ, ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಸಿಗಬಹುದು; ಅದರ ನಂತರ ಪಾಸ್‌ಪೋರ್ಟ್‌ಗೆ ಸಾಕಷ್ಟು ಅವಧಿ ಉಳಿದಿದ್ದರೆ ಸಾಮಾನ್ಯವಾಗಿ ಐದು ವರ್ಷದ ವೀಸಾ. ಮಕ್ಕಳನ್ನು ನೋಡಲು ಆಗಾಗ ಹೋಗುವ ಪೋಷಕರಿಗೆ ಇದರಿಂದ ಬಹಳ ಉಪಯೋಗವಿದೆ, ಆದ್ದರಿಂದ ಮೂರನೆಯ ಅರ್ಜಿಯ ಹೊತ್ತಿಗೆ ಹಿಂದಿನ ವೀಸಾಗಳ ಮತ್ತು ಮೊಹರುಗಳ ಪ್ರತಿಗಳನ್ನು ಲಗತ್ತಿಸಿ, ದೀರ್ಘಾವಧಿಯ ವೀಸಾ ಬೇಕೆಂದು ಮನವಿ ಪತ್ರದಲ್ಲಿ ಸ್ಪಷ್ಟವಾಗಿ ಕೇಳಿ. ಈ ಕಾರಣಕ್ಕಾಗಿಯೇ ಅವಧಿ ಮುಗಿದ ಹಳೆಯ ಪಾಸ್‌ಪೋರ್ಟ್‌ಗಳನ್ನು ಎಸೆಯದೆ ಜೋಪಾನವಾಗಿಡಬೇಕು. ಚಾಲ್ತಿಯಲ್ಲಿರುವ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲೇ ಉಳಿದಿದ್ದರೆ, ಪ್ರಯಾಣಕ್ಕೆ ಹೊರಡುವಾಗ ಹಳೆಯದು ಹೊಸದು ಎರಡನ್ನೂ ಜೊತೆಗೆ ಒಯ್ಯಬೇಕು.